ಫೋನಿನಲ್ಲಿ ಬರುವ ಅಜ್ಜಿಯ ದನಿ ಯಾವ ತರಂಗ? ಮಗಳು ‘ಎರಡೂ’ ಎಂದು ಬರೆದಳು, ಸೊನ್ನೆ ಬಂತು

ರೇಷ್ಮೆಗೂಡು, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂಬತ್ತನೇ ಕ್ಲಾಸು. ಕಳೆದ ವಾರ ಅವಳ ವಿಜ್ಞಾನದ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಇತ್ತು. ‘ಮೊಬೈಲ್‌ನಲ್ಲಿ ಮಾತನಾಡುವಾಗ ಬಳಕೆಯಾಗುವುದು ಯಾಂತ್ರಿಕ ತರಂಗವೋ, ವಿದ್ಯುತ್ಕಾಂತೀಯ ತರಂಗವೋ?’ ಇವಳು ‘ಎರಡೂ’ ಎಂದು ಬರೆದಳು. ಕೆಳಗೆ ಒಂದು ಸಾಲನ್ನೂ ಸೇರಿಸಿದಳು: ‘ಬಾಯಿಂದ ಫೋನಿಗೆ ಒಂದು, ಫೋನಿಂದ ಫೋನಿಗೆ ಇನ್ನೊಂದು.’ ಎರಡು ಅಂಕಕ್ಕೆ ಸೊನ್ನೆ ಬಂತು.

ಅಂಕ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಆದರೆ ಮನೆಗೆ ಬಂದವಳು, ‘ಹಾಗಾದರೆ ಅಜ್ಜಿಯ ದನಿ ನನ್ನ ಕಿವಿಗೆ ಬರೋದು ಹೇಗಮ್ಮಾ?’ ಎಂದು ಕೇಳಿದಳು. ನಮ್ಮಮ್ಮ ಪಾವಗಡದಲ್ಲಿ ಇದ್ದಾರೆ. ದಿನಾ ರಾತ್ರಿ ಎಂಟಕ್ಕೆ ಫೋನ್ ಮಾಡುತ್ತಾರೆ. ನಾನು ಓದಿದ್ದು ಕಾಮರ್ಸ್. ಪುಸ್ತಕದಲ್ಲಿ ‘ಯಾಂತ್ರಿಕ ತರಂಗಕ್ಕೆ ಮಾಧ್ಯಮ ಬೇಕು, ವಿದ್ಯುತ್ಕಾಂತೀಯ ತರಂಗಕ್ಕೆ ಬೇಡ’ ಎಂದು ಇದೆ. ಅದನ್ನು ಬಾಯಿಪಾಠ ಮಾಡಿಸಬಹುದು. ಅರ್ಥ ಮಾಡಿಸುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಟ್ಯೂಷನ್ ಮನೆ, ಕೋಲಾರ

ಉತ್ತರ ವಿದ್ಯುತ್ಕಾಂತೀಯ. ಒಂದು ಫೋನಿನಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವುದು ರೇಡಿಯೋ ತರಂಗ, ಅಷ್ಟೇ. ಪರೀಕ್ಷೆಯಲ್ಲಿ ‘ಇದೋ ಅದೋ’ ಎಂದು ಕೇಳಿದಾಗ ‘ಎರಡೂ’ ಎಂದು ಬರೆದರೆ ಅಂಕ ಕೊಡುವುದು ಕಷ್ಟ. ಮಗು ಜಾಣೆ ಅನ್ನೋದು ಗೊತ್ತಾಗುತ್ತದೆ. ಆದರೂ ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯುವುದನ್ನು ಕಲಿಸಿ ಮೇಡಂ. ಮುಂದೆ ಬೋರ್ಡ್ ಪರೀಕ್ಷೆ ಇದೆ.

ಟವರ್ ಕೆಲಸ, ಚಿಂತಾಮಣಿ

ಅಕ್ಕ, ನಾನು ಹನ್ನೊಂದು ವರ್ಷದಿಂದ ಮೊಬೈಲ್ ಟವರ್ ಕೆಲಸದಲ್ಲಿ ಇದ್ದೇನೆ. ನಿಮ್ಮ ಮಗಳು ಬರೆದದ್ದು ಸರಿ.

ಅಜ್ಜಿ ‘ಊಟ ಆಯ್ತಾ ಕಂದಾ’ ಅನ್ನುತ್ತಾರೆ. ಗಂಟಲು ಗಾಳಿಯನ್ನು ನಡುಗಿಸುತ್ತದೆ. ಆ ನಡುಕ ಬಾಯಿಂದ ಫೋನಿನ ಮೈಕಿಗೆ ಹೋಗುವುದು ನಾಲ್ಕೈದು ಇಂಚು. ಅದು ಯಾಂತ್ರಿಕ. ಮೈಕಿನೊಳಗೆ ಒಂದು ತೆಳು ಪರದೆ ಅಲುಗುತ್ತದೆ. ಅಲುಗಾಟ ಕರೆಂಟ್ ಆಗುತ್ತದೆ, ಕರೆಂಟು ಅಂಕಿಗಳಾಗುತ್ತದೆ. ಆ ಅಂಕಿಗಳನ್ನು ಹೊತ್ತ ರೇಡಿಯೋ ತರಂಗ ಆಂಟೆನಾದಿಂದ ಹೊರಡುತ್ತದೆ. 900 ಮೆಗಾಹರ್ಟ್ಸ್, 1800, 2300, ಹೀಗೆ ಬೇರೆ ಬೇರೆ ಬ್ಯಾಂಡ್ ಇವೆ. ಟವರಿನಿಂದ ಮುಂದೆ ಜಾಸ್ತಿ ದಾರಿ ನೆಲದಡಿಯ ಫೈಬರ್ ಕೇಬಲ್. ಅದರೊಳಗೆ ಓಡುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಅದೂ ವಿದ್ಯುತ್ಕಾಂತೀಯ ತರಂಗವೇ. ಈ ಕಡೆ ಟವರಿನಿಂದ ಮತ್ತೆ ರೇಡಿಯೋ. ಕೊನೆಗೆ ನಿಮ್ಮ ಫೋನಿನ ಸ್ಪೀಕರ್ ಮತ್ತೆ ಗಾಳಿಯನ್ನು ಅಲುಗಿಸುತ್ತದೆ.

ಎರಡು ತುದಿಯಲ್ಲಿ ಕೆಲವು ಇಂಚು ಯಾಂತ್ರಿಕ. ನಡುವಿನ ದಾರಿಯೆಲ್ಲ ವಿದ್ಯುತ್ಕಾಂತೀಯ. ತುದಿಯ ಆ ಇಂಚುಗಳನ್ನು ಬಿಟ್ಟರೆ ಮಾತೇ ಇಲ್ಲ.

ಹಳೇ ಮೇಷ್ಟ್ರು, ಗೌರಿಬಿದನೂರು

ತಾಯಿ, ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. ನಿಮ್ಮ ಮಗಳ ಉತ್ತರ ನನ್ನ ಕೈಗೆ ಬಂದಿದ್ದರೆ ಎರಡಕ್ಕೆ ಎರಡು ಕೊಡುತ್ತಿದ್ದೆ. ಚಿಂತಾಮಣಿಯವರು ದಾರಿಯನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಬುಡದ ಪ್ರಶ್ನೆಗೆ ಬರುತ್ತೇನೆ.

‘ಮಾಧ್ಯಮ ಬೇಕು, ಬೇಡ’ ಎನ್ನುವುದು ಫಲ. ಅದು ಕಾರಣ ಅಲ್ಲ. ಮಕ್ಕಳಿಗೆ ನಾವು ಫಲವನ್ನೇ ಮೊದಲು ಕೊಟ್ಟುಬಿಡುತ್ತೇವೆ. ಮೊದಲು ಕೇಳಬೇಕಾದ್ದು ಬೇರೆ: ಅಲ್ಲಿ ಅಲುಗುತ್ತಿರುವುದು ಏನು?

ತಮಟೆ ನೋಡಿ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತಲ್ಲ, ಅವರ ಕೈಯಲ್ಲಿ ಮಾತಾಡುವ ತಮಟೆ. ಬಾರಿಸುವ ಮೊದಲು ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಚರ್ಮ ಬಿಗಿಯಾಗುತ್ತದೆ, ನಾದ ಏರುತ್ತದೆ. ಕೋಲು ಬಿದ್ದಾಗ ಚರ್ಮ ಮುಂದೆ ಹೋಗಿ ಪಕ್ಕದ ಗಾಳಿಯನ್ನು ಒತ್ತುತ್ತದೆ. ಒತ್ತಿಸಿಕೊಂಡ ಗಾಳಿ ತನ್ನ ಪಕ್ಕದ ಗಾಳಿಯನ್ನು ಒತ್ತುತ್ತದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಹಿಂದಿನವರು ತಳ್ಳಿದ್ದು ಮುಂದಿನವರಿಗೆ ತಾಗುತ್ತದಲ್ಲ, ಹಾಗೆ. ತಳ್ಳಿದವರು ಅಲ್ಲೇ ಇರುತ್ತಾರೆ, ತಳ್ಳಾಟ ಮಾತ್ರ ಮುಂದೆ ಹೋಗುತ್ತದೆ. ಇದು ಯಾಂತ್ರಿಕ ತರಂಗ. ಇಲ್ಲಿ ಅಲುಗುವುದು ವಸ್ತು. ಜನರೇ ಇಲ್ಲದ ಬಯಲಿನಲ್ಲಿ ನೂಕುನುಗ್ಗಲು ಇರೋದಿಲ್ಲ. ಹಾಗೆಯೇ ವಸ್ತು ಇಲ್ಲದ ಕಡೆ ಶಬ್ದವೂ ಇರೋದಿಲ್ಲ.

ಈಗ ಬೆಳಕಿಗೆ ಬನ್ನಿ. ಪಾವಗಡದ ಅಜ್ಜಿಯ ಮನೆ ಹತ್ತಿರ ಸೋಲಾರ್ ಪಾರ್ಕ್ ಇದೆ. ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಆ ಫಲಕಗಳ ಮೇಲೆ ಬೀಳುವ ಬಿಸಿಲು ಸೂರ್ಯನಿಂದ ಹೊರಟು 8 ನಿಮಿಷ 20 ಸೆಕೆಂಡ್ ಆಗಿರುತ್ತದೆ. ದಾರಿಯಲ್ಲಿ 15 ಕೋಟಿ ಕಿಲೋಮೀಟರ್ ಹೆಚ್ಚುಕಡಿಮೆ ಬರಿದು. ತಳ್ಳಲು ಯಾರೂ ಇಲ್ಲ. ಆದರೂ ಬಂತು. ಯಾಕೆಂದರೆ ಅಲ್ಲಿ ಅಲುಗುವುದು ವಸ್ತುವಲ್ಲ. ವಿದ್ಯುತ್ ಕ್ಷೇತ್ರ ಮತ್ತು ಕಾಂತ ಕ್ಷೇತ್ರ.

ಮಗಳಿಗೆ ‘ಕ್ಷೇತ್ರ’ ಅಂದರೆ ಏನು ಎಂದು ತೋರಿಸುವುದು ಸುಲಭ. ಬಾಚಣಿಗೆಯನ್ನು ಒಣ ಕೂದಲಿಗೆ ಉಜ್ಜಿ ಕಾಗದದ ಚೂರಿನ ಹತ್ತಿರ ಹಿಡಿಯಿರಿ. ಮುಟ್ಟದೆಯೇ ಎಳೆಯುತ್ತದೆ. ಎರಡರ ನಡುವೆ ಏನೋ ಇದೆ, ಕಣ್ಣಿಗೆ ಕಾಣೋದಿಲ್ಲ. ಅದು ವಿದ್ಯುತ್ ಕ್ಷೇತ್ರ. ಒಂದು ಆಯಸ್ಕಾಂತದ ಹತ್ತಿರ ಮೊಳೆ ಹಿಡಿದರೆ ಅದು ಕಾಂತ ಕ್ಷೇತ್ರ. ಒಂದು ಬದಲಾದರೆ ಇನ್ನೊಂದು ಹುಟ್ಟುತ್ತದೆ. ಅದು ಬದಲಾದರೆ ಮತ್ತೆ ಮೊದಲಿನದು ಹುಟ್ಟುತ್ತದೆ. ಹೀಗೆ ಒಂದನ್ನೊಂದು ಎಬ್ಬಿಸುತ್ತಾ ಮುಂದೆ ಓಡುತ್ತವೆ. 1865ರಲ್ಲಿ ಮ್ಯಾಕ್ಸ್‌ವೆಲ್ ಇದನ್ನು ಲೆಕ್ಕದಲ್ಲಿ ತೋರಿಸಿದರು. ಆ ಓಟದ ವೇಗ ಲೆಕ್ಕ ಹಾಕಿದರೆ ಬೆಳಕಿನ ವೇಗವೇ ಬಂತು! ಬೆಳಕು ಅಂದರೆ ಇದೇ ಎಂದು ಗೊತ್ತಾದದ್ದು ಹಾಗೆ. ನನಗೆ ಈಗಲೂ ಇದನ್ನು ಹೇಳುವಾಗ ಮೈ ಜುಮ್ಮೆನ್ನುತ್ತದೆ. 1887-88ರಲ್ಲಿ ಹರ್ಟ್ಸ್ ಪ್ರಯೋಗ ಮಾಡಿ ರೇಡಿಯೋ ತರಂಗವನ್ನು ಹಿಡಿದು ತೋರಿಸಿದರು. ನಮ್ಮ ಜಗದೀಶಚಂದ್ರ ಬೋಸ್ 1895ರಲ್ಲಿ ಕಲ್ಕತ್ತೆಯಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಅಲೆಗಳ ಕೆಲಸ ಮಾಡುತ್ತಿದ್ದರು.

ಇನ್ನೊಂದು ಮಾತನ್ನೂ ಮಗಳಿಗೆ ಹೇಳಿ. ‘ಮಾಧ್ಯಮವೇ ಇಲ್ಲದೆ ಅಲೆ ಹೇಗೆ?’ ಎಂದು ಅವಳಿಗೆ ಅನಿಸಿದರೆ ಅದು ದಡ್ಡತನ ಅಲ್ಲ. ಹತ್ತೊಂಬತ್ತನೇ ಶತಮಾನದ ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಹಾಗೇ ಅನಿಸಿತ್ತು. ಆಕಾಶದಲ್ಲೆಲ್ಲ ‘ಈಥರ್’ ಎಂಬ ಏನೋ ಒಂದು ತುಂಬಿದೆ, ಬೆಳಕು ಅದರಲ್ಲಿ ಬರುತ್ತದೆ ಎಂದುಕೊಂಡಿದ್ದರು. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಬಹಳ ಸೂಕ್ಷ್ಮವಾಗಿ ಹುಡುಕಿದರು. ಈಥರಿನ ಸುಳಿವೇ ಸಿಗಲಿಲ್ಲ.

ಪಿಯು ಹುಡುಗಿ, ಚಿಕ್ಕಬಳ್ಳಾಪುರ

ಸರ್, ಒಂದು ಡೌಟು. ರೇಡಿಯೋದಲ್ಲಿ ಹಾಡು ಕೇಳುತ್ತೇವೆ. ಹಾಗಾದರೆ ರೇಡಿಯೋ ತರಂಗ ಶಬ್ದವೇ ಅಲ್ವಾ? ನನ್ನ ಕ್ಲಾಸಿನಲ್ಲಿ ಅರ್ಧ ಜನ ಹಾಗೇ ಅಂದುಕೊಂಡಿದ್ದಾರೆ. ಶಬ್ದವನ್ನೂ ಹರ್ಟ್ಸ್‌ನಲ್ಲಿ ಅಳೆಯುತ್ತಾರೆ, ಎಫ್‌ಎಂ ಅನ್ನೂ ಹರ್ಟ್ಸ್‌ನಲ್ಲೇ ಹೇಳುತ್ತಾರೆ.

ಹಳೇ ಮೇಷ್ಟ್ರು, ಗೌರಿಬಿದನೂರು

ಒಳ್ಳೇ ಪ್ರಶ್ನೆ ಮಗಳೇ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಎಂಬ ಲೆಕ್ಕ ಅಷ್ಟೇ. ಏನು ಎಂಬುದನ್ನು ಅದು ಹೇಳೋದಿಲ್ಲ. ಲೀಟರಿನಲ್ಲಿ ಹಾಲನ್ನೂ ಅಳೆಯುತ್ತೇವೆ, ಸೀಮೆಎಣ್ಣೆಯನ್ನೂ ಅಳೆಯುತ್ತೇವೆ.

ಒಂದು ಲೆಕ್ಕ ಕೊಡುತ್ತೇನೆ, ನೋಟ್‌ಬುಕ್ಕಿನಲ್ಲಿ ನೀನೇ ಮಾಡಿ ನೋಡು. ಗಡಸು ಗಂಟಲಿನ ಗಂಡಸಿನ ದನಿ ಸುಮಾರು 100 ಹರ್ಟ್ಸ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಭಾಗಿಸು. ಒಂದು ಅಲೆಯ ಉದ್ದ 3.4 ಮೀಟರ್. ಈಗ ಬೆಂಗಳೂರಿನ ಎಫ್‌ಎಂ ರೇನ್‌ಬೋ ತೆಗೆದುಕೋ, 101.3 ಮೆಗಾಹರ್ಟ್ಸ್. ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಭಾಗಿಸು. ಅಲೆಯ ಉದ್ದ ಸುಮಾರು 2.96 ಮೀಟರ್.

ನೋಡಿದೆಯಾ? ಎರಡು ಅಲೆಗಳೂ ಹೆಚ್ಚುಕಡಿಮೆ ಒಂದೇ ಉದ್ದ. ಒಂದು ಕೋಣೆಯ ಗೋಡೆಯಷ್ಟು. ಆದರೆ ಒಂದು ಸೆಕೆಂಡಿಗೆ ನೂರು ಸಲ, ಇನ್ನೊಂದು ಹತ್ತು ಕೋಟಿ ಸಲ. ಯಾಕೆಂದರೆ ಬೆಳಕಿನ ವೇಗ ಶಬ್ದದ ವೇಗಕ್ಕಿಂತ ಸುಮಾರು 8 ಲಕ್ಷ 74 ಸಾವಿರ ಪಟ್ಟು ಹೆಚ್ಚು. ರೇಡಿಯೋ ತರಂಗ ನಿನ್ನ ಕಿವಿಗೆ ಬಡಿಯುತ್ತಲೇ ಇದೆ, ಈಗಲೂ. ಕಿವಿಯ ತಮಟೆ ಅದಕ್ಕೆ ಅಲುಗೋದಿಲ್ಲ. ಅಲುಗುವುದು ಆಂಟೆನಾದೊಳಗಿನ ಎಲೆಕ್ಟ್ರಾನ್‌ಗಳು. ಹಾಡು ಹುಟ್ಟುವುದು ರೇಡಿಯೋದ ಸ್ಪೀಕರಿನಲ್ಲಿ.

ಸ್ಕ್ಯಾನಿಂಗ್ ರೂಮ್, ತುಮಕೂರು

ಈ ಗೊಂದಲ ಕ್ಲಾಸಿನಲ್ಲೇ ಮುಗಿದುಹೋಗಲಿ ಎಂದು ನನಗೆ ತುಂಬಾ ಆಸೆ. ನಾನು ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸ ಮಾಡುತ್ತೇನೆ. ಬಸುರಿಯರು ಭಯಪಡುತ್ತಾ ಬರುತ್ತಾರೆ. ‘ಮೇಡಂ, ಪದೇಪದೇ ಸ್ಕ್ಯಾನ್ ಮಾಡಿಸಿದರೆ ಮಗುವಿಗೆ ರೇಡಿಯೇಷನ್ ತಾಗುತ್ತದಂತೆ ಹೌದಾ?’ ಎಂದು ಕೇಳುತ್ತಾರೆ. ಹೋದ ತಿಂಗಳು ಒಬ್ಬಾಕೆ, ಇನ್ನೂ ಇಪ್ಪತ್ತೊಂದು ವರ್ಷ, ಅತ್ತೆ ಬೇಡ ಅಂದರೆಂದು ಐದನೇ ತಿಂಗಳ ಸ್ಕ್ಯಾನ್ ಬಿಟ್ಟೇ ಬಿಟ್ಟಿದ್ದಳು. ನನಗೆ ಸಂಕಟವಾಯಿತು.

ಹೊಟ್ಟೆ ಸ್ಕ್ಯಾನ್ ಅಂದರೆ ಅಲ್ಟ್ರಾಸೌಂಡ್. ಅದು ಶಬ್ದ. ಯಾಂತ್ರಿಕ ತರಂಗ. ಕಿವಿಗೆ ಕೇಳಿಸದಷ್ಟು ಮೇಲಿನ ಶ್ರುತಿ, ಅಷ್ಟೇ ವ್ಯತ್ಯಾಸ. ಎಕ್ಸ್‌-ರೇ ವಿದ್ಯುತ್ಕಾಂತೀಯ. ಅದಕ್ಕೆ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಹಾಕುವ ಶಕ್ತಿ ಇದೆ, ಅದಕ್ಕೇ ಬಸುರಿಯರಿಗೆ ಎಕ್ಸ್‌-ರೇ ತೆಗೆಯುವಾಗ ಅಷ್ಟು ಎಚ್ಚರ. ಎರಡನ್ನೂ ಜನ ‘ಸ್ಕ್ಯಾನ್’ ಎಂಬ ಒಂದೇ ಚೀಲಕ್ಕೆ ಹಾಕಿಬಿಡುತ್ತಾರೆ. ಡಾಕ್ಟರು ಬರೆದಷ್ಟು ಸ್ಕ್ಯಾನ್ ಮಾಡಿಸಿಕೊಳ್ಳಿ, ಹೆದರಬೇಡಿ.

ನಾವು ಹೊಟ್ಟೆಗೆ ತಣ್ಣಗಿನ ಜೆಲ್ ಹಚ್ಚುತ್ತೇವಲ್ಲ, ಅದು ಯಾಕೆ ಗೊತ್ತಾ? ಮೆಷಿನ್ನಿನ ಪ್ರೋಬ್‌ಗೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೂ ಅಲ್ಟ್ರಾಸೌಂಡ್ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಪುಟಿದುಬಿಡುತ್ತದೆ. ಗಾಳಿಯೂ ಒಂದು ಮಾಧ್ಯಮವೇ, ಆದರೆ ದೇಹಕ್ಕೆ ಹೊಂದುವ ಮಾಧ್ಯಮ ಅಲ್ಲ. ಜೆಲ್ ಆ ಸಂದು ಮುಚ್ಚುತ್ತದೆ. ಎಕ್ಸ್‌-ರೇಗೆ ಜೆಲ್ ಹಚ್ಚುವುದನ್ನು ಯಾರಾದರೂ ನೋಡಿದ್ದೀರಾ?

ಪಿಯು ಹುಡುಗಿಗೆ ನನ್ನ ಕಡೆಯಿಂದಲೂ ಒಂದು ಲೆಕ್ಕ. ನಮ್ಮ ಪ್ರೋಬ್ 3.5 ಮೆಗಾಹರ್ಟ್ಸ್. ದೇಹದಲ್ಲಿ ಶಬ್ದದ ವೇಗ ಸೆಕೆಂಡಿಗೆ 1,540 ಮೀಟರ್. ಅಲೆಯ ಉದ್ದ ಅರ್ಧ ಮಿಲಿಮೀಟರಿಗಿಂತ ಕಡಿಮೆ, ಅದಕ್ಕೇ ಮಗುವಿನ ಬೆರಳೂ ಕಾಣುತ್ತದೆ. ಅದೇ 3.5 ಮೆಗಾಹರ್ಟ್ಸ್‌ನ ರೇಡಿಯೋ ತರಂಗ ಆಗಿದ್ದರೆ ಒಂದು ಅಲೆಯೇ 86 ಮೀಟರ್ ಉದ್ದ.

ಟವರ್ ಕೆಲಸ, ಚಿಂತಾಮಣಿ

ಮೇಡಂ, ಎಂಆರ್‌ಐ ಯಾವ ಗುಂಪು? ನಮ್ಮಪ್ಪನಿಗೆ ಮಾಡಿಸಿದಾಗ ಒಳಗಿಂದ ಸುತ್ತಿಗೆಯಲ್ಲಿ ಬಡಿದಂತೆ ಸದ್ದು ಬರುತ್ತಿತ್ತು.

ಸ್ಕ್ಯಾನಿಂಗ್ ರೂಮ್, ತುಮಕೂರು

ಚಿತ್ರ ತೆಗೆಯುವುದು ರೇಡಿಯೋ ತರಂಗ ಅಣ್ಣ. ಆಯಸ್ಕಾಂತದ ಬಲ 1.5 ಟೆಸ್ಲಾ ಇರುವ ಮೆಷಿನ್ ಆದರೆ ಸುಮಾರು 64 ಮೆಗಾಹರ್ಟ್ಸ್, ಎಫ್‌ಎಂ ಬ್ಯಾಂಡಿಗಿಂತ ಸ್ವಲ್ಪ ಕೆಳಗೆ. ನೀವು ಕೇಳಿದ ಬಡಿತ ಬೇರೆ. ಒಳಗಿನ ಸುರುಳಿಗಳಲ್ಲಿ ಕರೆಂಟು ಸರಸರ ಬದಲಾಗುತ್ತದೆ, ದೊಡ್ಡ ಆಯಸ್ಕಾಂತದ ನಡುವೆ ಅವು ಅದುರುತ್ತವೆ. ಆ ಅದುರು ಯಾಂತ್ರಿಕ. ಒಂದೇ ಕೋಣೆ, ಎರಡೂ ತರಂಗ. ಆ ಮಗುವಿನ ಉತ್ತರ ಇಲ್ಲಿಗೂ ಹೊಂದುತ್ತದೆ.

ಚಾಂಪಿಯನ್ ರೀಫ್, ಕೆಜಿಎಫ್

ನಮ್ಮ ತಂದೆ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಆಗ ನನಗೆ ಹದಿನಾರು. ಈ ಚರ್ಚೆ ಓದುತ್ತಾ ಅವರ ಮಾತು ನೆನಪಾಗುತ್ತಿದೆ.

ಎಲ್ಲರೂ ಬೆಳಕು ಎಲ್ಲಿಗೆ ಬೇಕಾದರೂ ಹೋಗುತ್ತದೆ, ಶಬ್ದಕ್ಕೆ ಮಾತ್ರ ಅಡ್ಡಿ ಎಂಬಂತೆ ಹೇಳುತ್ತಿದ್ದೀರಿ. ಗಣಿಯಲ್ಲಿ ಅದು ಉಲ್ಟಾ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ. ಕೆಳಗೆ ಟ್ರಾನ್ಸಿಸ್ಟರ್ ಹಿಡಿದು ಕೂತರೆ ಒಂದು ಸ್ಟೇಷನ್ನೂ ಬರೋದಿಲ್ಲ. ಬಂಡೆ ರೇಡಿಯೋವನ್ನು ನುಂಗಿಬಿಡುತ್ತದೆ. ಬಿಸಿಲಂತೂ ಇಲ್ಲವೇ ಇಲ್ಲ. ಆದರೆ ಒಂದು ಕಡೆ ಬಂಡೆಗೆ ಸುತ್ತಿಗೆ ಹಾಕಿದರೆ ಗೋಡೆಗೆ ಕಿವಿಕೊಟ್ಟವರಿಗೆ ದೂರದಲ್ಲೂ ಕೇಳುತ್ತದೆ. ಜನರನ್ನು ಗಣಿಗೆ ಇಳಿಸುವ ಲಿಫ್ಟನ್ನು, ಅಂದರೆ ಕೇಜನ್ನು, ಮೇಲೆ ಕೆಳಗೆ ಮಾಡಲು ಗಂಟೆಯ ಸಂಕೇತ ಇತ್ತು.

ರಾಕ್ ಬರ್ಸ್ಟ್ ಆದಾಗ ಗೊತ್ತಾಗುತ್ತಿತ್ತು ಯಾಂತ್ರಿಕ ತರಂಗ ಅಂದರೆ ಏನೆಂದು. ಕೆಳಗೆ ಎಲ್ಲೋ ಒತ್ತಡ ತಡೆಯಲಾರದೆ ಬಂಡೆ ಸಿಡಿಯುತ್ತದೆ. ಮೇಲೆ ನಮ್ಮ ಲೈನ್ ಮನೆಯಲ್ಲಿ ತಟ್ಟೆ ಲೋಟ ಗಲಗಲ ಅನ್ನುತ್ತಿದ್ದವು. ಅಮ್ಮ ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಬೀದಿಯ ಎಲ್ಲ ಹೆಂಗಸರೂ ಬಾಗಿಲಿಗೆ ಬರುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಶಿಫ್ಟ್ ಮುಗಿದು ಅಪ್ಪ ಬರುವ ತನಕ ಅಮ್ಮ ಊಟ ಮಾಡುತ್ತಿರಲಿಲ್ಲ. ಆ ನಡುಕವೇ ನಮಗೆ ಬರುತ್ತಿದ್ದ ಮೊದಲ ಸುದ್ದಿ.

ರೇಷ್ಮೆಗೂಡು, ಶಿಡ್ಲಘಟ್ಟ

ಅಣ್ಣ, ಇದನ್ನು ಮಗಳಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತಿದ್ದೆವು.

ಹಳೇ ಮೇಷ್ಟ್ರು, ಗೌರಿಬಿದನೂರು

ಕೆಜಿಎಫ್‌ನವರು ನನ್ನ ಮಾತನ್ನು ತಿದ್ದಿದ್ದು ಒಳ್ಳೆಯದಾಯಿತು. ಬರಿದು ಜಾಗದಲ್ಲಿ ಬೆಳಕು ಗೆಲ್ಲುತ್ತದೆ. ಬಂಡೆಯಲ್ಲಿ ನಡುಕ ಗೆಲ್ಲುತ್ತದೆ. ವೇಗವೂ ಹಾಗೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ 343 ಮೀಟರ್, ನೀರಿನಲ್ಲಿ ಸುಮಾರು 1,480, ಉಕ್ಕಿನಲ್ಲಿ 5 ಸಾವಿರಕ್ಕೂ ಹೆಚ್ಚು. ಬೆಳಕು ಬರಿದಿನಲ್ಲಿ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್, ನೀರಿನಲ್ಲಿ 2.25 ಲಕ್ಷ, ಗಾಜಿನಲ್ಲಿ 2 ಲಕ್ಷ. ವಸ್ತು ಒಂದಕ್ಕೆ ಕಾಲು, ಇನ್ನೊಂದಕ್ಕೆ ಕಾಲಿಗೆ ತೊಡರು. ಕೆಲವು ಗೈಡುಗಳಲ್ಲಿ ‘ಸಾಂದ್ರತೆ ಹೆಚ್ಚಾದಷ್ಟೂ ಶಬ್ದದ ವೇಗ ಹೆಚ್ಚು’ ಎಂದು ಇರುತ್ತದೆ. ಅದು ತಪ್ಪು. ವೇಗ ಕೊಡುವುದು ಬಿಗಿತನ. ಉಕ್ಕು ಭಾರವಾದರೂ ಅದರ ಬಿಗಿತನ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ, ಅದಕ್ಕೆ.

ಈಗ ನಮ್ಮ ಊರಿನ ವಿಷಯ. ಇದನ್ನು ಹೇಳಬೇಕೆಂದೇ ಕಾಯುತ್ತಿದ್ದೆ. ಈ ಎರಡು ತರಂಗಗಳನ್ನೂ ಕಿವಿಗೊಟ್ಟು ಕೇಳುವ ಎರಡು ಕೇಂದ್ರಗಳು ನಮ್ಮ ಗೌರಿಬಿದನೂರಿನ ಕಡೆ ಇವೆ. ನಮ್ಮವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಒಂದು ಭೂಕಂಪ ಕೇಂದ್ರ. ಭಾಭಾ ಅಣು ಸಂಶೋಧನಾ ಕೇಂದ್ರದ್ದು, 1965ರಿಂದ ಇದೆ. ಒಂದೇ ಯಂತ್ರ ಅಲ್ಲ. ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಹಲವು ಕಿಲೋಮೀಟರ್ ಉದ್ದಕ್ಕೆ 20 ಮಾಪಕಗಳನ್ನು ಬಂಡೆಯ ಮೇಲೆ ಕೂರಿಸಿದ್ದಾರೆ. ದೂರದ ದೇಶದಲ್ಲಿ ಭೂಕಂಪವಾದರೂ, ನೆಲದಡಿ ಅಣುಬಾಂಬ್ ಸಿಡಿಸಿದರೂ, ಆ ನಡುಕ ಭೂಮಿಯೊಳಗಿಂದ ಹಾದು ಇಲ್ಲಿಗೆ ಬರುತ್ತದೆ. ಒಂದು ಮಾಪಕಕ್ಕೆ ಮೊದಲು, ಇನ್ನೊಂದಕ್ಕೆ ಕ್ಷಣ ತಡವಾಗಿ. ಆ ತಡ ನೋಡಿ ನಡುಕ ಯಾವ ದಿಕ್ಕಿನಿಂದ ಬಂತು ಎಂದು ಲೆಕ್ಕ ಹಾಕುತ್ತಾರೆ.

ಇನ್ನೊಂದು ರೇಡಿಯೋ ದೂರದರ್ಶಕ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ್ದು, 1976ರಿಂದ. ಟಿ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾಗಳು. ಪೂರ್ವ ಪಶ್ಚಿಮದ ತೋಳೇ 1.4 ಕಿಲೋಮೀಟರ್. ನೋಡಿದರೆ ಬಟ್ಟೆ ಒಣಹಾಕುವ ಕಂಬ ತಂತಿಯಂತೆ ಕಾಣುತ್ತದೆ. 34.5 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಸುಮಾರು 8.7 ಮೀಟರ್ ಉದ್ದದ ಅಲೆಯಲ್ಲಿ, ಆಕಾಶವನ್ನು ಕೇಳಲು ಕಟ್ಟಿದ್ದು. 1997ರಿಂದ ಅಲ್ಲೇ ಸೂರ್ಯನ ಹೊರ ಆವರಣವನ್ನು ನೋಡಲು ಇನ್ನೊಂದು ವ್ಯವಸ್ಥೆಯೂ ಇದೆ.

ನಾನು ಮಕ್ಕಳನ್ನು ಆ ಕಡೆ ಕರೆದುಕೊಂಡು ಹೋದಾಗ ಒಂದು ಮಾತು ಹೇಳುತ್ತಿದ್ದೆ. ಎರಡಕ್ಕೂ ನಿಶ್ಶಬ್ದ ಬೇಕು. ಆದರೆ ಒಂದೇ ಥರದ ನಿಶ್ಶಬ್ದ ಅಲ್ಲ. ಭೂಕಂಪ ಮಾಪಕಕ್ಕೆ ಲಾರಿ, ರೈಲು, ಕಲ್ಲುಕ್ವಾರಿಯ ಸಿಡಿತ ಇವೆಲ್ಲ ಗದ್ದಲ. ಪಕ್ಕದಲ್ಲಿ ಯಾರಾದರೂ ವಾಕಿಟಾಕಿಯಲ್ಲಿ ಮಾತಾಡಿದರೆ ಆ ರೇಡಿಯೋ ತರಂಗಕ್ಕೆ ಬಂಡೆ ನಡುಗೋದಿಲ್ಲ. ರೇಡಿಯೋ ದೂರದರ್ಶಕದ ಪಕ್ಕ ಇಡೀ ಊರು ಸೇರಿ ತಮಟೆ ಬಾರಿಸಿದರೂ ಆಕಾಶದ ಸದ್ದಿಗೆ ಅಡ್ಡಿಯಿಲ್ಲ. ಆದರೆ ಒಂದು ಬೈಕಿನ ಸ್ಪಾರ್ಕ್ ಪ್ಲಗ್ಗು, ಸರಿಯಾಗಿ ಕೂರದ ಒಂದು ಕರೆಂಟ್ ತಂತಿಯ ಕಿಡಿ ಸಾಕು, ಅಲ್ಲಿ ಗದ್ದಲ ಶುರು. ವಸ್ತು ಅಲುಗುವ ಗದ್ದಲ ಬೇರೆ, ಕ್ಷೇತ್ರ ಅಲುಗುವ ಗದ್ದಲ ಬೇರೆ. ಮಕ್ಕಳಿಗೆ ವ್ಯತ್ಯಾಸ ಅಲ್ಲೇ ತಲೆಗೆ ಹೋಗುತ್ತಿತ್ತು.

ಇದೇ ತಾಲೂಕಿನ ಹೊಸೂರಿನಲ್ಲಿ ಹುಟ್ಟಿ, ಭೌತಶಾಸ್ತ್ರ ಓದಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯನವರು ಬದುಕಿನುದ್ದಕ್ಕೂ ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸಿದರು. ‘ಎರಡೂ’ ಎಂದು ಬರೆದ ಹುಡುಗಿಯನ್ನು ಕಂಡಿದ್ದರೆ ಅವರು ಖುಷಿಪಡುತ್ತಿದ್ದರು ಎಂದು ನನ್ನ ನಂಬಿಕೆ.

ಪಿಯು ಹುಡುಗಿ, ಚಿಕ್ಕಬಳ್ಳಾಪುರ

ಸರ್, 2021ರ ಡಿಸೆಂಬರ್ 22ರಂದು ನಮ್ಮ ಜಿಲ್ಲೆಯಲ್ಲಿ ಭೂಮಿ ನಡುಗಿತಲ್ಲ. ಬೆಳಿಗ್ಗೆ ಏಳು ದಾಟಿತ್ತು. ಐದು ನಿಮಿಷದ ಅಂತರದಲ್ಲಿ ಎರಡು ಸಲ. ತೀವ್ರತೆ 2.9 ಮತ್ತು 3.0 ಎಂದು ಆಮೇಲೆ ಸುದ್ದಿ ಬಂತು. ನಾನು ಆಗ ಚಿಕ್ಕವಳು, ಹಲ್ಲುಜ್ಜುತ್ತಿದ್ದೆ. ಮೊದಲು ಗುಡುಗಿನ ಥರ ಸದ್ದು, ಆಮೇಲೆ ಅದುರಿದ್ದು. ಸದ್ದು ಮೊದಲು ಬಂದದ್ದು ಯಾಕೆ?

ಹಳೇ ಮೇಷ್ಟ್ರು, ಗೌರಿಬಿದನೂರು

ಭೂಕಂಪದಿಂದ ಎರಡು ಥರದ ನಡುಕ ಹೊರಡುತ್ತದೆ. ಒಂದು ಪಿ ತರಂಗ, ಬಂಡೆಯನ್ನು ಹಿಂದೆ ಮುಂದೆ ಒತ್ತುತ್ತಾ ಬರುತ್ತದೆ, ಶಬ್ದದ ಹಾಗೇ ನೀಳ ತರಂಗ. ನಮ್ಮ ಕಡೆಯ ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್. ಇನ್ನೊಂದು ಎಸ್ ತರಂಗ, ಪಕ್ಕಕ್ಕೆ ಅಲುಗಿಸುತ್ತಾ ಬರುವ ಅಡ್ಡ ತರಂಗ. ಸೆಕೆಂಡಿಗೆ ಸುಮಾರು ಮೂರೂವರೆ ಕಿಲೋಮೀಟರ್. ಪಿ ಮೊದಲು ಬಂದು ನೆಲವನ್ನು ಅದುರಿಸಿ ಗಾಳಿಗೆ ಗುಡುಗು ಕೊಟ್ಟಿತು. ಎಸ್ ಆಮೇಲೆ ಬಂದು ಜೋರಾಗಿ ಕುಲುಕಿತು. ಯಾಂತ್ರಿಕ ಅಂದರೆ ನೀಳ ತರಂಗ ಮಾತ್ರ ಎಂದು ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ ಎಂಬುದಕ್ಕೂ ಇದೇ ಸಾಕ್ಷಿ. ಎಸ್ ತರಂಗ ದ್ರವದಲ್ಲಿ ಹೋಗೋದಿಲ್ಲ. ಭೂಮಿಯ ಹೊರ ತಿರುಳು ದ್ರವ ಎಂದು ತಿಳಿದದ್ದು ಆ ಗುಣದಿಂದಲೇ.

ಇನ್ನೊಂದು ಉಪಯೋಗದ ಮಾತು. ನಡುಕ ಎಷ್ಟೇ ಓಡಿದರೂ ಸೆಕೆಂಡಿಗೆ 6 ಕಿಲೋಮೀಟರ್. ರೇಡಿಯೋ ಸುದ್ದಿ ಸೆಕೆಂಡಿಗೆ 3 ಲಕ್ಷ. ಕಂಪನದ ಕೇಂದ್ರದ ಹತ್ತಿರದ ಮಾಪಕ ಪಿ ಕಂಡ ತಕ್ಷಣ ಸುದ್ದಿ ಕಳಿಸಿದರೆ, ದೂರದ ಊರಿಗೆ ಜೋರು ಕುಲುಕು ಬರುವ ಮೊದಲೇ ಫೋನ್ ಕೂಗುತ್ತದೆ. ಜಪಾನ್ 2007ರಿಂದ ಇದನ್ನು ಇಡೀ ದೇಶದ ಜನಕ್ಕೆ ಕೊಡುತ್ತಿದೆ. ಸಿಗುವುದು ಕೆಲವೇ ಸೆಕೆಂಡು. ಮೇಜಿನ ಕೆಳಗೆ ನುಗ್ಗಲು, ಗ್ಯಾಸ್ ಆರಿಸಲು ಅಷ್ಟು ಸಾಕು.

ಟ್ಯೂಷನ್ ಮನೆ, ಕೋಲಾರ

ಎಲ್ಲ ಓದಿದೆ. ನನ್ನ ಮೊದಲ ಮಾತನ್ನು ಬದಲಿಸುತ್ತೇನೆ. ಬಳಸಿದ ಪ್ರಶ್ನೆಯೇ ಸರಿ ಇರಲಿಲ್ಲ. ‘ಟವರಿನಿಂದ ಫೋನಿಗೆ ಬರುವ ತರಂಗ ಯಾವುದು?’ ಎಂದು ಕೇಳಿದ್ದರೆ ಒಂದೇ ಉತ್ತರ. ‘ಮಾತನಾಡುವಾಗ’ ಎಂದು ಕೇಳಿದರೆ ಮಗು ಬರೆದದ್ದೇ ಸರಿ. ನನ್ನ ನೋಟ್ಸಿನಲ್ಲೂ ಇದೇ ಪ್ರಶ್ನೆ ಇದೆ, ಇವತ್ತೇ ತಿದ್ದುತ್ತೇನೆ. ಮೇಡಂ, ಸ್ಕೂಲಿಗೆ ಹೋಗಿ ಜಗಳ ಆಡಬೇಡಿ. ಮಗುವಿನ ಪೇಪರ್ ಇಟ್ಟುಕೊಂಡು ಆ ಟೀಚರ್ ಹತ್ತಿರ ಸಮಾಧಾನವಾಗಿ ಮಾತಾಡಿ. ನಲವತ್ತು ಪೇಪರ್ ತಿದ್ದುವಾಗ ಕೆಳಗಿನ ಸಾಲು ಕಣ್ಣು ತಪ್ಪುತ್ತದೆ, ನನಗೂ ತಪ್ಪಿದೆ.

ಟವರ್ ಕೆಲಸ, ಚಿಂತಾಮಣಿ

ಅಕ್ಕ, ಮಗಳಿಗೆ ಭಾನುವಾರ ಮಾಡಲು ಒಂದು ಪ್ರಯೋಗ. ಎರಡು ಫೋನ್, ಒಂದು ದಪ್ಪ ಕಂಬಳಿ, ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್. ಮೊದಲು ಒಂದು ಫೋನನ್ನು ಕಂಬಳಿಯಲ್ಲಿ ನಾಲ್ಕು ಸುತ್ತು ಸುತ್ತಿ ಇನ್ನೊಂದರಿಂದ ರಿಂಗ್ ಕೊಡಲಿ. ಆಮೇಲೆ ಕಂಬಳಿ ತೆಗೆದು ಫಾಯಿಲ್‌ನಲ್ಲಿ ಮೂರು ಸುತ್ತು, ಒಂದು ಸಂದೂ ಬಿಡದೆ ಮಡಿಸಿ, ಮತ್ತೆ ರಿಂಗ್ ಕೊಡಲಿ. ಫಾಯಿಲ್ ಸುತ್ತುವ ಮೊದಲು ಐದು ನಿಮಿಷಕ್ಕೆ ಅಲಾರಂ ಇಡಲು ಮರೆಯಬೇಡಿ. ಏನಾಯಿತು ಎಂದು ಅವಳೇ ಬರೆಯಲಿ.

ರೇಷ್ಮೆಗೂಡು, ಶಿಡ್ಲಘಟ್ಟ

ಈಗ ಬರೆಯುತ್ತಿರುವುದು ಮಗಳು. ಎಲ್ಲರಿಗೂ ನಮಸ್ತೆ.

ಕಂಬಳಿಯಲ್ಲಿ ಸುತ್ತಿದಾಗ ಫೋನ್ ರಿಂಗ್ ಆಯಿತು. ಈ ಕಡೆಯ ಫೋನಿನಲ್ಲಿ ರಿಂಗ್ ಹೋಗುತ್ತಿರುವುದು ಕೇಳುತ್ತಿತ್ತು. ಆದರೆ ಕಂಬಳಿಯೊಳಗಿನ ಸದ್ದು ಸಣ್ಣಗೆ, ದೂರದಿಂದ ಬಂದ ಹಾಗೆ.

ಫಾಯಿಲ್ ಮುಗಿದುಹೋಗಿತ್ತು. ಹಾಗಾಗಿ ಮೊದಲು ಫೋನನ್ನು ಅಮ್ಮನ ಸ್ಟೀಲ್ ಡಬ್ಬಿಯಲ್ಲಿ ಇಟ್ಟು ಮುಚ್ಚಳ ಹಾಕಿದೆ. ಆದರೂ ರಿಂಗ್ ಆಯಿತು! ಲೋಹ ತಡೆಯಬೇಕಿತ್ತು ಅಲ್ವಾ? ಆಮೇಲೆ ಅಂಗಡಿಯಿಂದ ಫಾಯಿಲ್ ತಂದೆ. ಮೂರು ಸುತ್ತು ಸುತ್ತಿದೆ. ‘ನೀವು ಕರೆ ಮಾಡಿದ ಚಂದಾದಾರರು’ ಎಂದು ಹೆಂಗಸಿನ ದನಿ ಬಂತು. ಫೋನ್ ರಿಂಗ್ ಆಗಲೇ ಇಲ್ಲ. ಐದು ನಿಮಿಷ ಆದಮೇಲೆ ಫಾಯಿಲ್ ಒಳಗಿಂದ ಅಲಾರಂ ಚೆನ್ನಾಗಿ ಕೇಳಿಸಿತು. ಕಂಬಳಿಗಿಂತ ಜೋರಾಗಿ.

ಫಾಯಿಲ್ ಕೂದಲಿಗಿಂತ ತೆಳು. ಕಂಬಳಿ ನನ್ನ ಮುಷ್ಟಿಯಷ್ಟು ದಪ್ಪ.

ಟವರ್ ಕೆಲಸ, ಚಿಂತಾಮಣಿ

ಶಭಾಷ್ ಪುಟ್ಟಾ. ಡಬ್ಬಿಯ ಮುಚ್ಚಳದ ಸುತ್ತ ಒಂದು ಸಣ್ಣ ಸಂದು ಇರುತ್ತದೆ. ಅಗಲ ಕಡಿಮೆ, ಆದರೆ ಉದ್ದ ಜಾಸ್ತಿ. 1800 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್. ಸಂದಿನ ಉದ್ದ ಅದರ ಅರ್ಧದಷ್ಟು ಇದ್ದರೂ ಸಲೀಸಾಗಿ ನುಗ್ಗುತ್ತದೆ. ನಿಮ್ಮ ಮನೆಗೆ ಟವರ್ ಹತ್ತಿರ ಇದ್ದರೆ ಇನ್ನೂ ಸುಲಭ. ಫಾಯಿಲ್‌ನಲ್ಲಿ ಸಂದೇ ಇಲ್ಲ. ರೇಡಿಯೋ ತರಂಗ ಬಂದಾಗ ಅದರೊಳಗಿನ ಎಲೆಕ್ಟ್ರಾನ್‌ಗಳು ಓಡಾಡಿ ಅದನ್ನು ಹಿಂದಕ್ಕೆ ತಳ್ಳುತ್ತವೆ. ಶಬ್ದಕ್ಕೆ ಫಾಯಿಲ್ ಒಂದು ತೆಳು ಚರ್ಮ, ತಾನೇ ಅಲುಗಿ ದಾಟಿಸಿಬಿಡುತ್ತದೆ. ಕಂಬಳಿಯ ನಾರುಗಳು ಗಾಳಿಯ ಅಲುಗಾಟವನ್ನು ಉಜ್ಜಿ ಉಜ್ಜಿ ಕೊಲ್ಲುತ್ತವೆ. ರೇಡಿಯೋಗೆ ಕಂಬಳಿ ಇದ್ದೂ ಇಲ್ಲದ ಹಾಗೆ.

ರೇಷ್ಮೆಗೂಡು, ಶಿಡ್ಲಘಟ್ಟ

ಮಗಳೇ ಬರೆಯುತ್ತಿದ್ದೇನೆ. ಇನ್ನೊಂದು ಲೆಕ್ಕ ಮಾಡಿದೆ. ನಕ್ಷೆಯಲ್ಲಿ ಅಳೆದರೆ ಪಾವಗಡ ನೇರವಾಗಿ ಸುಮಾರು 100 ಕಿಲೋಮೀಟರ್. ಅಜ್ಜಿ ಅಲ್ಲಿಂದಲೇ ಕೂಗಿ, ಅದು ಇಲ್ಲಿ ತನಕ ಕೇಳುವಂತಿದ್ದರೆ, ನನಗೆ ತಲುಪಲು 4 ನಿಮಿಷ 50 ಸೆಕೆಂಡ್ ಬೇಕು. ನಾನು ‘ಊಟ ಆಯ್ತು’ ಅಂದದ್ದು ಅವರಿಗೆ ಹೋಗಲು ಇನ್ನೂ ಅಷ್ಟೇ. ರೇಡಿಯೋ ತರಂಗಕ್ಕೆ ಒಂದು ಸೆಕೆಂಡಿನ ಮೂರು ಸಾವಿರದಲ್ಲಿ ಒಂದು ಪಾಲು.

ಸೋಮವಾರ ಟೀಚರ್ ಹತ್ತಿರ ಅಮ್ಮ ಮಾತಾಡಿದರು. ಟೀಚರ್ ಪೇಪರ್ ಮತ್ತೆ ಓದಿ, ಶುಕ್ರವಾರ ಕಂಬಳಿ ಮತ್ತು ಫಾಯಿಲ್ ಕ್ಲಾಸಿಗೆ ತರಲು ಹೇಳಿದ್ದಾರೆ.

ಇವತ್ತು ಮತ್ತೆ ಅಭ್ಯಾಸ ಮಾಡಲು ಅಮ್ಮನ ಫೋನನ್ನು ಫಾಯಿಲ್‌ನಲ್ಲಿ ಸುತ್ತಿಟ್ಟು ಮರೆತೇಬಿಟ್ಟೆ. ಎಂಟೂವರೆಗೆ ನೆನಪಾಗಿ ಬಿಚ್ಚಿದೆ. ಬಿಚ್ಚಿದ ತಕ್ಷಣ ಮೆಸೇಜ್ ಬಂತು, ಅಜ್ಜಿಯಿಂದ ಆರು ಮಿಸ್ಡ್ ಕಾಲ್. ಈಗ ಫೋನ್ ಮಾಡುತ್ತಿದ್ದೇನೆ.